ಕ್ವಾರ್ಟರ್ಸ್ ನಾಯಿಗಳಿಗೆ 15 ದಿನದ ಗಡುವು

ಮಾನ್ಯ ಸಂಪಾದಕರೇ,

ನಾವು ರಾಯಚೂರಿನ ಒಂದು ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೇವೆ. ಹೋದ ತಿಂಗಳು ಮೆಟ್ಟಿಲ ಹತ್ತಿರದ ಗೋಡೆಗೆ ಒಂದು ಚೀಟಿ ಅಂಟಿಸಿದರು. ನಾಯಿ, ಬೆಕ್ಕು ಸಾಕಿದವರು 15 ದಿನದಲ್ಲಿ ಅವನ್ನು ಸಾಗಹಾಕಬೇಕು, ಇಲ್ಲದಿದ್ದರೆ ಮನೆ ಖಾಲಿ ಮಾಡಬೇಕಂತೆ. ಸಹಿ ಇಲ್ಲ, ಸೀಲ್ ಇಲ್ಲ, ಯಾವ ನಿಯಮದ ಪ್ರಕಾರ ಅಂತಲೂ ಇಲ್ಲ. ಮನೆ ಹಂಚಿದಾಗಿನ ಆದೇಶ ಹುಡುಕಿ ಓದಿದೆ. ಗೋಡೆಗೆ ಮೊಳೆ ಹೊಡೆಯಬಾರದು, ಬೇರೆಯವರಿಗೆ ಬಾಡಿಗೆಗೆ ಕೊಡಬಾರದು ಅಂತೆಲ್ಲ ಇದೆ, ನಾಯಿ ಬಗ್ಗೆ ಒಂದಕ್ಷರ ಇಲ್ಲ. ಕೇಳಲು ಹೋದರೆ ‘ಮೇಲಿನವರು ಹೇಳ್ಯಾರ್ರೀ’ ಅಂದರು, ಅಷ್ಟೇ.

ಜನರ ತಕರಾರು ಸುಳ್ಳು ಅಂತ ನಾನು ಹೇಳುವುದಿಲ್ಲ. ನಮ್ಮೂರ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ ತಂಪಿರುವುದು ಮೆಟ್ಟಿಲ ಕೆಳಗೆ ಮಾತ್ರ, ಕಟ್ಟದೆ ಬಿಟ್ಟ ನಾಯಿಗಳೆಲ್ಲ ಅಲ್ಲೇ ಬಂದು ಮಲಗುತ್ತವೆ, ಶಾಲೆಯಿಂದ ಬಂದ ಮಕ್ಕಳು ದಾಟಲು ಹೆದರಿ ಅಲ್ಲೇ ನಿಂತು ಅಮ್ಮನನ್ನು ಕೂಗುತ್ತವೆ. ನಲ್ಲಿ ಹತ್ತಿರ ಗಲೀಜು ಬೇರೆ. ಕರೆಂಟ್ ಹೋದರೆ ಸಾಕು, ನಮ್ಮ ಕೆಂಚ ಬೊಗಳಲು ಶುರು ಮಾಡುತ್ತಾನೆ. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಕೆಳಮನೆಯವರು ಒಮ್ಮೆ ಬಂದು ಬೈದರು. ಬೈಸಿಕೊಂಡೆ, ತಪ್ಪು ನಮ್ಮದೇ.

ಆದರೆ ಆ ಚೀಟಿಯಿಂದ ಆದದ್ದೇನು? ಮೇಲಿನ ಮನೆಯವರು ಹೆದರಿ ತಮ್ಮ ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಮಂತ್ರಾಲಯ ರಸ್ತೆ ಕಡೆ ಬಿಟ್ಟು ಬಂದರು. ಮನೆ ಅನ್ನ ತಿಂದು ಬೆಳೆದ ಹೆಣ್ಣುನಾಯಿ. ಬದುಕಿ ಉಳಿದರೆ ಮರಿ ಹಾಕುತ್ತದೆ, ಆ ಮರಿಗಳಿಗೆ ಲಸಿಕೆ ಯಾರು ಹಾಕಿಸ್ತಾರೆ? ಬೀದಿನಾಯಿ ಹಿಡಿದು, ಆಪರೇಷನ್ ಮಾಡಿಸಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು ಅನ್ನುತ್ತವೆ ಪ್ರಾಣಿಗಳ ಜನನ ನಿಯಂತ್ರಣದ 2023ರ ನಿಯಮಗಳು. ನಾವು ನೋಡಿದರೆ ಇಲ್ಲಿ ಸುಮ್ನೆ ಹೊಸ ಬೀದಿನಾಯಿ ಮಾಡ್ತಾ ಇದ್ದೇವೆ! ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟು ಬರುವುದು ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ, ಒಗ್ಗರಣೆ-ಮಿರ್ಚಿ ತಿಂದಷ್ಟು ರೊಕ್ಕ.

ಅಪಾರ್ಟ್‌ಮೆಂಟ್ ಸಂಘಗಳು ಬಹುಮತದಿಂದ ಠರಾವು ಮಾಡಿದರೂ ಸಾಕುನಾಯಿ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಫ್ಲಾಟ್ ಕೊಂಡವರಿಗೆ ಒಂದು ನ್ಯಾಯ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಬಿಟ್ಟುಕೊಟ್ಟು ಕ್ವಾರ್ಟರ್ಸ್‌ನಲ್ಲಿರುವ ನಮಗೆ ಇನ್ನೊಂದಾ?

ನಿಯಮವೇ ಬೇಡ ಅಂತಲ್ಲ. ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಕಾರ್ಡ್ ತೋರಿಸಿ ಅನ್ನಲಿ, ಮೆಟ್ಟಿಲಲ್ಲಿ ಹಗ್ಗವಿಲ್ಲದೆ ಬಿಟ್ಟರೆ ದಂಡ ಹಾಕಲಿ, ಗಲೀಜು ಎತ್ತದಿದ್ದರೆ ಇನ್ನೂ ಜಾಸ್ತಿ ಹಾಕಲಿ. ಆದರೆ ಬರೆದು, ಸಹಿ ಹಾಕಿ, ಮನೆ ಕೊಡುವ ದಿನವೇ ಕೈಗೆ ಕೊಡಲಿ. ಆಗ ಬರುವವರಿಗೆ ಮೊದಲೇ ಗೊತ್ತಿರುತ್ತದೆ, ಅಲ್ವಾ?

15 ದಿನ ಮುಗಿದು ವಾರವಾಯಿತು. ಕೆಂಚ ಮನೆಯಲ್ಲೇ ಇದ್ದಾನೆ. ಅವನ ಲಸಿಕೆ ಕಾರ್ಡಿನ ಜೆರಾಕ್ಸ್ ಒಂದನ್ನು ಆ ಚೀಟಿ ಪಕ್ಕದಲ್ಲೇ ಅಂಟಿಸಿದ್ದೇನೆ.

– ಕ್ವಾರ್ಟರ್ಸ್ ನಿವಾಸಿ, ರಾಯಚೂರು