ಬಲೆ ತುಂಬಿದ ಮಾತ್ರಕ್ಕೆ…

ಕೋಲಾರ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ಶ್ರೀನಿವಾಸಪುರದ ತೋಟದ ಫೋಟೊ ನೋಡಿದೆ. ಬಲೆಯ ಡಬ್ಬಿ ತುಂಬ ಹಣ್ಣು ನೊಣ ಬಿದ್ದಿವೆ, ಈ ಸಲ ಬಾದಾಮಿ ಮಾವಿಗೆ ಹುಳ ಬೀಳೋದಿಲ್ಲ ಅಂತ ಬರೆದಿದ್ದೀಯ. ಅಷ್ಟು ಬೇಗ ನಂಬಬೇಡ. ಬಿದ್ದಿರುವುದೆಲ್ಲ ಗಂಡು. ಕಾಯಿಗೆ ಚುಚ್ಚಿ ಮೊಟ್ಟೆ ಇಡುವ ಹೆಣ್ಣು, ನೊಣ ಸೆಳೆಯಲು ಡಬ್ಬಿಯಲ್ಲಿಟ್ಟ ಮಿಥೈಲ್ ಯುಜಿನಾಲ್‌ಗೆ ಹಾಗೆಲ್ಲ ಮರುಳಾಗುವುದಿಲ್ಲ.

ಗಂಡಿಗೆ ಅದರ ಹುಚ್ಚು ಯಾಕೆ ಗೊತ್ತಾ? ಪೈಪೋಟಿ. ಹೊತ್ತು ಮುಳುಗುವಾಗ ಗಂಡುಗಳು ಎಲೆ ಮರೆಯಲ್ಲಿ ಕೂತು ರೆಕ್ಕೆ ಬಡಿಯುತ್ತಾ ಗಂಧ ಹರಡುತ್ತವೆ, ಹೆಣ್ಣು ಬಂದು ಆರಿಸಿಕೊಳ್ಳುತ್ತದೆ. ಮಿಥೈಲ್ ಯುಜಿನಾಲ್ ತಿಂದ ಗಂಡು ಅದನ್ನು ಮೈಯೊಳಗೆ ಮಾರ್ಪಡಿಸಿ ತನ್ನ ಗಂಧಕ್ಕೆ ಬೆರೆಸುತ್ತದೆ. ತಿನ್ನದ ಗಂಡು ಅದರ ಮುಂದೆ ಸೋತಂತೆಯೇ. ಒಮ್ಮೆ ತಿಂದರೆ ವಾರಗಟ್ಟಲೆ ಆ ಮೇಲುಗೈ ಇರುತ್ತದೆ. ನಮ್ಮ ತುಳಸಿಯಲ್ಲೂ ಇರುವ ಪದಾರ್ಥವೇ ಅದು. ನಾಲ್ಕು ಎಲೆ ಹಿಸುಕಿ ಮರದ ಕೆಳಗಿಡು, ಒಂದೊಂದೇ ಬಂದು ನೆಕ್ಕುವುದು ಕಾಣುತ್ತದೆ.

ಅಡುಗೆಮನೆಯ ಬಾಳೆಹಣ್ಣಿಗೆ ಮುತ್ತುವ ಡ್ರಾಸೊಫಿಲ ಬೇರೆ ನೊಣ, ನೀನು ಎರಡನ್ನೂ ಒಂದೇ ಅಂದುಕೊಂಡಿದ್ದೀಯ. ಅದರ ವರಸೆಯೂ ಬೇರೆ. ಇನ್ನೊಂದು ಗಂಡಿನ ಜೊತೆ ಇದ್ದು ಬಂದರೆ ಹೆಣ್ಣಿನೊಡನೆ ಕೂಡುವ ಹೊತ್ತನ್ನೇ ಅದು ಹೆಚ್ಚಿಸುತ್ತದೆ. ಎದುರಾಳಿ ಇದ್ದಾನೆಂದು ತಿಳಿಯುವುದು ವಾಸನೆ, ಸದ್ದು, ಮೈ ತಾಕುವುದರಿಂದ. ಇದು ಪುಕ್ಕಟೆ ಅಲ್ಲ: ಜೀವಮಾನವೆಲ್ಲ ಎದುರಾಳಿಗಳ ನಡುವೆ ಇಟ್ಟ ಗಂಡು ಬೇಗ ಸಾಯುತ್ತದೆ ಎಂದು ಪ್ರಯೋಗದಲ್ಲೇ ಕಂಡಿದ್ದಾರೆ.

ನಿನ್ನ ಮಾವಿಗೆ ಬರುತ್ತೇನೆ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಬಲೆ ತಪ್ಪಿಸಿಕೊಂಡ ಕೆಲವೇ ಗಂಡು ಸಾಕು, ಸಾಲದ್ದಕ್ಕೆ ಈಗ ಅವಕ್ಕೆ ಎದುರಾಳಿಗಳೂ ಕಡಿಮೆ. 1960ರ ದಶಕದಲ್ಲಿ ಪೆಸಿಫಿಕ್‌ನ ರೋಟಾ ದ್ವೀಪದಲ್ಲಿ ಇದೇ ಮಿಥೈಲ್ ಯುಜಿನಾಲ್ ಇಟ್ಟು, ಗಂಡುಗಳನ್ನೆಲ್ಲ ಕೊಂದು, ಈ ನೊಣವನ್ನೇ ಇಲ್ಲವಾಗಿಸಿದರು. ಅಲ್ಲಿ ಸುತ್ತ ಸಮುದ್ರ. ನಿನ್ನ ಬೇಲಿಯಾಚೆ ಪಕ್ಕದವರ ತೋತಾಪುರಿ.

ಆದ್ದರಿಂದ ಒಬ್ಬನೇ ಬಲೆ ಕಟ್ಟಿ ಕೂರಬೇಡ. ಅಕ್ಕಪಕ್ಕದವರೂ ಒಟ್ಟಿಗೇ ಕಟ್ಟಬೇಕು, ಅದೂ ಕಾಯಿ ಬಲಿಯುವ ಮುಂಚೆ. ಉದುರುಗಾಯಿ ದಿನಾ ಆರಿಸಿ ಎರಡಡಿ ಗುಂಡಿಗೆ ಹಾಕಿ ಮುಚ್ಚು. ಅದರೊಳಗಿನ ಹುಳ ಮಣ್ಣಿಗಿಳಿದೇ ಕೋಶವಾಗುವುದು, ಬುಡದ ಮಣ್ಣನ್ನೂ ಕೆದಕಿಸು. ಪಕ್ಕದ ತೋಟ ಗುತ್ತಿಗೆಗೆ ಹೋಗಿದ್ದರೆ ಮಾಲೀಕರನ್ನು ಕೇಳಿ ಫಲವಿಲ್ಲ, ಕಾಯಿ ಕೀಳುವ ಗುತ್ತಿಗೆದಾರನನ್ನೇ ಹಿಡಿ. ಅವನು ಜಗ್ಗದಿದ್ದರೆ ನನಗೆ ಫೋನ್ ಮಾಡು, ಭಾನುವಾರ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ