ದೂರವನ್ನು 900ರಿಂದ ಭಾಗಿಸಿದರೆ ವಿಮಾನದ ಸಮಯ ಸಿಗುವುದಿಲ್ಲ

ಮಾನ್ಯರೇ,

ರಜೆ ಹತ್ತಿರ ಬಂತೆಂದರೆ ನಿಮ್ಮ ಪುರವಣಿಯಲ್ಲಿ ಒಂದು ಪಟ್ಟಿ ಬರುತ್ತದೆ. ಇಂಥ ಊರಿಂದ ಇಂಥ ಊರಿಗೆ ಇಷ್ಟು ಕಿಲೋಮೀಟರ್, ವಿಮಾನದಲ್ಲಿ ಇಷ್ಟು ಗಂಟೆ. ಈ ಸಲ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಸಾಲಿನಲ್ಲಿ 14,000 ಕಿ.ಮೀ., ಹದಿನೈದೂವರೆ ಗಂಟೆ ಎಂದಿತ್ತು. ದೂರ ಸರಿಯಾಗಿದೆ. ಗಂಟೆ ಮಾತ್ರ ಯಾರೋ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದು ಹಿಡಿದು, ದೂರವನ್ನು 900ರಿಂದ ಭಾಗಿಸಿ ಬರೆದದ್ದು, ನೋಡಿದರೇ ಗೊತ್ತಾಗುತ್ತದೆ.

ಹಾಗೆ ಭಾಗಿಸುವುದಾದರೆ ಬೆಂಗಳೂರಿಂದ ಮಂಗಳೂರಿಗೆ ಇಪ್ಪತ್ತೇ ನಿಮಿಷ ಸಾಕು, ನೇರ ದೂರ ಸುಮಾರು 300 ಕಿ.ಮೀ. ಅಲ್ವಾ? ಟಿಕೆಟ್‌ನಲ್ಲಿ ಒಂದು ಗಂಟೆಯ ಲೆಕ್ಕ ಇರುತ್ತದೆ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಆ ಊರಲ್ಲಿ ಹೋಗಿ ನಿಲ್ಲುವವರೆಗಿನ ಹೊತ್ತು ಅದು. ರನ್‌ವೇವರೆಗೆ ಹೋಗಬೇಕು, ಸರದಿ ಕಾಯಬೇಕು, ಮೇಲೇರಬೇಕು, ಇಳಿಯಬೇಕು. ಪೂರ್ತಿ ವೇಗದಲ್ಲಿ ಹಾರುವುದು ಸ್ವಲ್ಪ ಹೊತ್ತು ಮಾತ್ರ.

ಅಮೆರಿಕದಂಥ ದೂರದ ದಾರಿಯಲ್ಲಿ ಲೆಕ್ಕ ಕೆಡಿಸುವುದು ಗಾಳಿ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ಅದು ಬೆನ್ನಿಗಿದ್ದರೆ ಲಾಭ, ಎದುರಿಗಿದ್ದರೆ ನಷ್ಟ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು, ಗಾಳಿ ಬೆನ್ನಿಗಿರುವಂತೆ ಪೂರ್ವಕ್ಕೆ ಪೆಸಿಫಿಕ್ ಮೇಲೆ ಹಾರಿಸಿತು. ದೂರ 1,400 ಕಿ.ಮೀ. ಜಾಸ್ತಿಯಾಗಿ 15,300 ಕಿ.ಮೀ. ಆಯಿತು, ಆದರೆ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲೇ! ಭಾಗಾಕಾರ ಮಾಡುವವರು ಇದಕ್ಕೆ ಏನು ಹೇಳುತ್ತಾರೋ ಗೊತ್ತಿಲ್ಲ. ಆ ಕಡೆಯಿಂದ ವಾಪಸ್ ಬರುವಾಗ ಕಥೆಯೇ ಬೇರೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದಿಳಿದದ್ದು ನೆನಪಿದೆಯಲ್ಲ, ಅದಕ್ಕೆ ಹಿಡಿದದ್ದು ಸುಮಾರು 17 ಗಂಟೆ.

ಇನ್ನು ರಾಜಕೀಯ. 2025ರ ಏಪ್ರಿಲ್ ಕೊನೆಯಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿ, ಲಂಡನ್ ಎರಡೂ ಇದ್ದ ಜಾಗದಲ್ಲೇ ಇವೆ, ಆದರೂ ಸುತ್ತು ಹಾಕಿ ಹೋಗಬೇಕಾಗಿ ಪ್ರಯಾಣ ಉದ್ದವಾಯಿತು.

ಪಟ್ಟಿಯ ಪಕ್ಕದ ನಕ್ಷೆಯ ಬಗ್ಗೆಯೂ ಒಂದು ಮಾತು. ಬೆಂಗಳೂರಿಂದ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿಸಿ ಸ್ಕೇಲ್ ಇಟ್ಟು ಗೆರೆ ಎಳೆದಿದ್ದೀರಿ. ಅತಿ ಹತ್ತಿರದ ದಾರಿ ಬೇಕಾದರೆ ಮಕ್ಕಳ ಗ್ಲೋಬ್ ಮೇಲೆ ಈ ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಹಿಡಿದು ನೋಡಿ. ಅದು ಚೀನಾ, ಸೈಬೀರಿಯಾ, ಅಲಾಸ್ಕಾ ಕಡೆಯಿಂದ ಹೋಗುತ್ತದೆ. ನೀವು ಬರೆದ 14,000 ಕಿ.ಮೀ. ಆ ದಾರಿಯದು, ನಕ್ಷೆಯ ಗೆರೆಯದಲ್ಲ.

ಮಕ್ಕಳ ಮನೆಗೆಂದು ಮೊದಲ ಸಲ ಹೊರಟ ಅಪ್ಪ ಅಮ್ಮಂದಿರು ಈ ಪಟ್ಟಿ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವರು ಮಾತ್ರೆ, ಊಟದ ಹೊತ್ತನ್ನು ಇದನ್ನು ನೋಡಿಯೇ ಲೆಕ್ಕ ಹಾಕುತ್ತಾರೆ. ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ, ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ತಲುಪುವ ಸಮಯದಿಂದ ಹೊರಡುವ ಸಮಯವನ್ನು ಸುಮ್ನೆ ಕಳೆದರೆ ತಪ್ಪು ಉತ್ತರ ಬರುತ್ತದೆ. ಆದ್ದರಿಂದ ಮುಂದಿನ ಸಲ ವಿಮಾನ ಸಂಸ್ಥೆಯ ವೇಳಾಪಟ್ಟಿ ನೋಡಿ, ಹೋಗುವ ಹೊತ್ತು, ಬರುವ ಹೊತ್ತು ಬೇರೆ ಬೇರೆ ಹಾಕಿ, ಯಾವ ತಿಂಗಳಿನದೆಂದೂ ಬರೆಯಿರಿ.

– ಒಬ್ಬ ಓದುಗ, ಮೈಸೂರು