ಹುಣಸೆ ಬೀಜದ ಬಾಟಲಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಲೇಖನ ಓದಿದೆ. ಅಮ್ಮನ ಹಳೇ ವಿದ್ಯಾರ್ಥಿಗಳು ವರ್ಷದ ತಿಥಿಯ ಹೊತ್ತಿಗೆ ನೆನಪಿನ ಪುಸ್ತಕ ತರುತ್ತಿದ್ದಾರೆ, ಮಗಳದ್ದೇ ಮೊದಲ ಲೇಖನ ಇರಬೇಕಂತೆ, ಮಾವ ಒಂದ್ಸಲ ನೋಡಿಕೊಡು ಅಂದಿದ್ದೆ. ಎರಡು ಸಲ ನೋಡಿದೆ. ಫೋನ್ ಮಾಡಿದರೆ ನೀನು ಅಳುತ್ತೀಯ, ನಾನು ‘ಚೆನ್ನಾಗಿದೆ ಬಿಡು’ ಅಂದು ಇಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ.

ಲೇಖನದಲ್ಲಿ ಒಂದು ಕಾಗುಣಿತದ ತಪ್ಪೂ ಇಲ್ಲ. ನಿಮ್ಮಮ್ಮನೂ ಇಲ್ಲ. ‘ಆದರ್ಶ ಶಿಕ್ಷಕಿ’, ‘ವಾತ್ಸಲ್ಯಮಯಿ’, ‘ಸಾಹಿತ್ಯದ ಆರಾಧಕಿ’ ಅಂತೆಲ್ಲ ಬರೆದಿದ್ದೀಯ. ಹೆಸರೊಂದು ಬದಲಾಯಿಸಿದರೆ ಯಾವ ಟೀಚರಿಗಾದರೂ ಹೊಂದುತ್ತದೆ. ಬೀಳ್ಕೊಡುಗೆ ದಿನ ಶಾಲು ಹೊದಿಸಿ, ಫ್ರೇಮ್ ಹಾಕಿಸಿ ಕೊಡುತ್ತಾರಲ್ಲ ಬಿನ್ನವತ್ತಳೆ, ಹಾಗಿದೆ.

ಬೇಜಾರಾಗಬೇಡ. ನಾನೂ ಇದೇ ಮಾಡಿದವನು. ನಮ್ಮಪ್ಪ ಹೋದಾಗ ಅವರ ಬಗ್ಗೆ ನಾಲ್ಕು ಪುಟ ಬರೆದು ಅಕ್ಕನಿಗೆ ಅಂಚೆಯಲ್ಲಿ ಕಳಿಸಿದ್ದೆ. ಹದಿನೈದು ದಿನಕ್ಕೆ ವಾಪಸ್ ಬಂತು, ಕೆಂಪು ಇಂಕಿನಲ್ಲಿ. ‘ಕರುಣಾಮೂರ್ತಿ’ ಅನ್ನೋ ಪದದ ಕೆಳಗೆ ಗೆರೆ ಎಳೆದು ‘ಯಾರಿದು? ನಮ್ಮಪ್ಪನಾ?’ ಅಂತ ಬರೆದಿದ್ದಳು. ಕೊನೆಯಲ್ಲಿ, ‘ಎಲೆಅಡಿಕೆ ಚೀಲ ಎಲ್ಲಿ ಬಚ್ಚಿಡುತ್ತಿದ್ದರು, ಅದನ್ನು ಬರಿ’ ಅಂತ. ಸಿಟ್ಟು ಬಂದು ಎರಡು ತಿಂಗಳು ಮಾತು ಬಿಟ್ಟಿದ್ದೆ. ಆಮೇಲೆ ಚೀಲದ ಬಗ್ಗೆ ಬರೆದೆ. ಬರೆಯುತ್ತಾ ಬರೆಯುತ್ತಾ ಅಪ್ಪ ಕೆಮ್ಮೋದು ಕೂಡ ಕೇಳಿಸಿತು.

ನೀನೂ ಹಾಗೆ ಒಂದು ಸಾಮಾನಿನಿಂದ ಶುರುಮಾಡು. ಹಾರ್ಲಿಕ್ಸ್ ಬಾಟಲಿ ನೆನಪಿದೆಯಾ? ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಭಾಮಿನಿ ಷಟ್ಪದಿ ಅನ್ನೋ ಆರು ಸಾಲಿನ ಛಂದಸ್ಸು ಕಲಿಸೋಕೆ ಅಕ್ಕ ಇಟ್ಟುಕೊಂಡಿದ್ದ ಹುಣಸೆ ಬೀಜದ ಬಾಟಲಿ. ಪ್ರಸ್ತಾರ ಹಾಕೋದು, ಅಂದರೆ ಪದ್ಯದ ಅಕ್ಷರಗಳಿಗೆ ಒಂದು ಮಾತ್ರೆಯ ಲಘು, ಎರಡು ಮಾತ್ರೆಯ ಗುರು ಅಂತ ಗುರುತು ಹಾಕೋದು, ಮಕ್ಕಳಿಗೆ ಪ್ರಾಣಸಂಕಟ. ಇವಳು ಬೋರ್ಡಿನ ಹತ್ತಿರ ಹೋಗದೆ ನೆಲದ ಮೇಲೆ ಕೂತುಬಿಡುತ್ತಿದ್ದಳು. ಲಘುವಿಗೆ ಒಂದು ಬೀಜ, ಗುರುವಿಗೆ ಎರಡು. ಮೂರು, ನಾಲ್ಕು, ಮೂರು, ನಾಲ್ಕು ಅಂತ ಗುಂಪು ಇಟ್ಟರೆ ಮೊದಲನೇ ಸಾಲಿಗೆ 14 ಬೀಜ. ಎರಡನೆಯದಕ್ಕೂ ಅಷ್ಟೇ. ಮೂರನೇ ಸಾಲು ಉದ್ದ, ಕೊನೆಗೊಂದು ಗುರು ಸೇರಿ 23. ಅಷ್ಟನ್ನೇ ಇನ್ನೊಂದು ಸಲ ಇಟ್ಟರೆ ಪದ್ಯ ಮುಗಿಯಿತು. ಒಟ್ಟು 102. ಬಾಟಲಿಯಲ್ಲಿ ಯಾವಾಗಲೂ ಅಷ್ಟೇ ಇರಬೇಕು. ಯಾರ ಕೈಯಿಂದ ಬೀಜ ಉರುಳಿ ಕಳೆಯಿತೋ ಅವರು ಮಾರನೇ ದಿನ ಮನೆಯಿಂದ ತರಬೇಕು. ಇಟ್ಟಾದ ಮೇಲೆ ಆ ಬೀಜಗಳ ಮೇಲೆ ಬೆರಳಾಡಿಸುತ್ತಾ ಅವಳು ಗಮಕಿಗಳ ಹಾಗೆ ರಾಗ ಎಳೆದು ಓದುತ್ತಿದ್ದಳು. ಕಂಠ ಅಷ್ಟೇನೂ ಚೆನ್ನಾಗಿರಲಿಲ್ಲ, ನಮ್ಮಲ್ಲೇ ಇರಲಿ.

ಗದಗಿನ ಪ್ರವಾಸದ ಕಥೆ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನೀನಾಗ ಅಂಗನವಾಡಿಗೆ ಹೋಗುತ್ತಿದ್ದೆ. ಹಿರಿಯೂರಿನಿಂದ ಬಸ್ಸು ಮಾಡಿಕೊಂಡು ಹೊರಟಿದ್ದರು, ಹುಡುಗರನ್ನು ಕಾಯೋಕೆ ನಾನೂ ಹೋಗಿದ್ದೆ. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬ ಇದೆಯಲ್ಲ, ಅವನು ಕೋನೇರಿ ತೀರ್ಥದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಅಲ್ಲಿ ಕೂತು ಬರೆಯುತ್ತಿದ್ದ, ಬಟ್ಟೆ ಆರಿತೋ ಅವತ್ತಿನ ಬರವಣಿಗೆ ನಿಲ್ಲುತ್ತಿತ್ತು ಅಂತ ಪ್ರತೀತಿ. ಮಕ್ಕಳು ಕೈಮುಗಿದು ಹೊರಡೋಕೆ ರೆಡಿ. ಅಕ್ಕ ಬಿಡಬೇಕಲ್ಲ. ನನ್ನ ಹೆಗಲ ಮೇಲಿನ ಟವೆಲ್ ಕಿತ್ತುಕೊಂಡು, ನೀರಲ್ಲಿ ಅದ್ದಿಸಿ, ಹಿಂಡದೆ ಬಿಸಿಲಿಗೆ ಹಾಕಿಸಿದಳು. ‘ಗಡಿಯಾರ ನೋಡಿಕೊಳ್ಳಿ. ಇದು ಆರೋದರೊಳಗೆ ನೀವು ಎಷ್ಟು ಸಾಲು ಬರೀತೀರ ನೋಡೋಣ.’ ನಲವತ್ತು ನಿಮಿಷ ಕೂತರು. ಯಾರಿಗೂ ಆರು ಸಾಲು ದಾಟಲಿಲ್ಲ. ಡ್ರೈವರ್ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾದ. ಊರಿಗೆ ಬಂದು ನೋಡಿದರೆ ಟವೆಲ್ ಅಲ್ಲೇ ಮರೆತಿದ್ದೆವು.

ಅದೇ ಕುಮಾರವ್ಯಾಸ ತನ್ನ ಭಾರತದ ಶುರುವಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಾನೆ ನೋಡು, ತಾನು ಹಲಗೆ ಬಳಪ ಹಿಡಿದವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ ಅಂತ. ಆ ಪದ್ಯ ಬಂದಾಗಲೆಲ್ಲ ಅಕ್ಕ ಕ್ಲಾಸಿಗೆ ಹೇಳುತ್ತಿದ್ದದ್ದು ಒಂದೇ ಮಾತು: ‘ಅವನು ಕುಮಾರವ್ಯಾಸ. ನೀವಲ್ಲ. ರಬ್ಬರ್ ತೆಗೀರಿ.’ ನೀನೂ ತೆಗಿ. ಮೊದಲನೇ ಪ್ಯಾರಾ ಪೂರ್ತಿ ಅಳಿಸು.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಹದಿಮೂರನೇ ದಿನ ಹಿತ್ತಲಲ್ಲಿ ಕೂತು ನೀನು ನನಗೆ ಹೇಳಿದೆ, ‘ಅಮ್ಮ ಶಾಲೆ ಮಕ್ಕಳಿಗೆ ಅಮ್ಮ, ನನಗೆ ಮಾತ್ರ ಟೀಚರ್ ಆಗಿಬಿಟ್ಟಳು’ ಅಂತ. ಒಂಬತ್ತನೇ ಕ್ಲಾಸಿನಲ್ಲಿ ಕಂಠಪಾಠ ತಪ್ಪಿತು ಅಂತ ಎಲ್ಲರೆದುರು ನಿನ್ನನ್ನು ಬಾಗಿಲಾಚೆ ನಿಲ್ಲಿಸಿದ್ದಳಂತೆ. ಲೇಖನದಲ್ಲಿ ಆ ಬಾಗಿಲೇ ಇಲ್ಲ. ಯಾಕೆ ಬಿಟ್ಟೆ? ಅವತ್ತು ರಾತ್ರಿ ಅಕ್ಕ ನನಗೆ ಫೋನ್ ಮಾಡಿದ್ದಳು. ‘ಪದ್ಯ ಅವಳಿಗೆ ಬರುತ್ತಿತ್ತು ಕಣೋ. ನನ್ನ ಮುಖ ನೋಡಿ ಹೆದರಿ ಮರೆತಳು’ ಅಂದಳು. ಮಗಳ ಹತ್ತಿರ ಹೋಗಿ ಹೇಳಿದಳಾ? ಇಲ್ಲ. ಹೋಗಿ ಹೇಳೇ ಅಂತ ನಾನೂ ಹೇಳಲಿಲ್ಲ, ಅದು ನನ್ನ ತಪ್ಪು. ಇದನ್ನು ಕೇಳಿ ನೀನು ಅವಳನ್ನು ಕ್ಷಮಿಸಲಿ ಅಂತ ಬರೆಯುತ್ತಿಲ್ಲ. ಬಾಗಿಲಾಚೆ ನಿಂತ ಹುಡುಗಿಗೆ ಒಳಗಿನ ಪಾಠ ಹೇಗೆ ಕೇಳಿಸುತ್ತಿತ್ತು, ಅದು ಆ ಪುಸ್ತಕದಲ್ಲಿ ಬೇರೆ ಯಾರೂ ಬರೆಯೋಕಾಗಲ್ಲ. ಓದಿದವರು ಏನಾದರೂ ಅಂದುಕೊಂಡರೆ ಅಂದುಕೊಳ್ಳಲಿ.

ಪುಸ್ತಕಗಳ ಬಗ್ಗೆ ಕೇಳಿದ್ದೆ. ಮೂರು ಬೀರು ಬೆಂಗಳೂರಿನ ಫ್ಲ್ಯಾಟಿಗೆ ಹಿಡಿಸಲ್ಲ, ಗೊತ್ತು. ಕಾದಂಬರಿಗಳನ್ನು ಪಂಚಾಯಿತಿ ಲೈಬ್ರರಿಗೆ ಕೊಡು. ಕಂದಾಯದ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟಿ ಆ ಕಡೆ ತಲೆ ಹಾಕದ ಜನ ನಾವು, ಇದಾದರೂ ಆಗಲಿ. ‘ಸುಧಾ’ದ ಧಾರಾವಾಹಿ ಪುಟಗಳನ್ನು ಹರಿದು ದಬ್ಬಳದಲ್ಲಿ ಹೊಲಿದ ಕಟ್ಟುಗಳನ್ನು ಯಾರೂ ತಗೊಳ್ಳಲ್ಲ, ಅವು ನನಗಿರಲಿ. ಕುವೆಂಪು, ಮಾಸ್ತಿ ಸಂಪಾದಿಸಿದ, 1958ರಲ್ಲಿ ಸರ್ಕಾರವೇ ತಂದ ಗದುಗಿನ ಭಾರತ ಮಾತ್ರ ಯಾರಿಗೂ ಕೊಡಬೇಡ. ನಿಮ್ಮ ತಾತ ಕೊಂಡ ಪ್ರತಿ ಅದು. ಅಂಚಿನಲ್ಲೆಲ್ಲ ಅಕ್ಕನ ಪೆನ್ಸಿಲ್ ಇದೆ. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡ, ಕಾಗದ ಹಳದಿಯಾಗುತ್ತದೆ. ಪುಟಪುಟದ ಫೋಟೊ ತೆಗೆದಿಡು, ಪೆನ್ಸಿಲ್ ಆಗಲೇ ಮಾಸುತ್ತಿದೆ.

ಬಾಟಲಿಯನ್ನು ‘ಹುಳ ಹಿಡಿದ ಬೀಜ’ ಅಂತ ಕಸಕ್ಕೆ ಇಟ್ಟಿದ್ದೀಯಂತೆ, ಅತ್ತೆ ಹೇಳಿದಳು. ಸುಮ್ನೆ ಒಂದು ದಿನ ಬಿಸಿಲಿಗೆ ಹಾಕಿ ಎಣಿಸು. ಕಡಿಮೆ ಬಂದರೆ ಹೇಳು. ಇಲ್ಲಿ ಅತ್ತೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಳೆ, ಎಷ್ಟು ಬೇಕೋ ಅಷ್ಟು ಕಳಿಸುತ್ತೇನೆ.

ನಿನ್ನ ಸೋದರಮಾವ